ಸೊಟ್ಟ ಕಿವಿಯ ನರಿ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಅವಳ ಅಮ್ಮ ಒಬ್ಬರೇ. ಉಳಿದವರಿಗೆಲ್ಲ ಅವಳು ಕತ್ತರಿ. ಹೊಲಿಗೆ ಅಂಗಡಿಯ ಒಡತಿ ಎಂಬುದು ಅದಕ್ಕೆ ಅರ್ಧ ಕಾರಣ. ಎದುರಿನವರ ಮಾತು ಉದ್ದವಾದರೆ ಅಲ್ಲೇ ಚಕ್ಕನೆ ಕತ್ತರಿಸಿ ಕೈಗೆ ಕೊಡುತ್ತಾಳೆ ಎಂಬುದು ಇನ್ನರ್ಧ. ಅವಳು ಇದಕ್ಕೆ ಎಂದೂ ಬೇಸರಪಟ್ಟವಳಲ್ಲ. ಮೊಂಡು ಕತ್ತರಿ ಅಂದಿದ್ದರೆ ಆಗ ನೋಡಿಕೊಳ್ಳುತ್ತಿದ್ದೆ ಎನ್ನುತ್ತಿದ್ದಳು.

ಅವಳ ಹೊಲಿಗೆ ಅಷ್ಟು ನೇರ. ಎದುರಿನ ಔಷಧಿ ಅಂಗಡಿಯಾಕೆ ಒಮ್ಮೆ ತನ್ನ ಕೋಟಿನ ಅಂಚನ್ನು ಸ್ಕೇಲು ಹಿಡಿದು ಅಳೆದು, ತಪ್ಪು ಸಿಗದೆ ಸೋತು, ಕೊನೆಗೆ ಸ್ಕೇಲಿನ ಮೇಲೇ ಅನುಮಾನಪಟ್ಟಿದ್ದಳು. ಗಿರಾಕಿಗಳು ಹೊಗಳಿದರೆ ಅವಳು ನಾಚಿಕೊಳ್ಳುತ್ತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು ಎಂದುಕೊಂಡು ಮುಂದಿನ ಬಟ್ಟೆಗೆ ಕೈ ಹಾಕುತ್ತಿದ್ದಳು. ಹೆಮ್ಮೆ ಎನ್ನುವುದು ಅವಳಿಗೆ ಬೆನ್ನೆಲುಬಿನ ಹಾಗೆ ಮೈಯೊಳಗೇ ಇತ್ತು.

ಇಂಥವಳು ಒಂದು ಶನಿವಾರ ಅಣ್ಣನ ಮಗಳನ್ನು ಕರೆತರಲು ಲೈಬ್ರರಿಗೆ ಹೋದಳು. ಆ ಹುಡುಗಿಯನ್ನು ಮನೆಯಲ್ಲಿ ಚೂಟಿ ಅನ್ನುತ್ತಿದ್ದರು. ನಿದ್ದೆಯಲ್ಲಿ ಕೂಡ ಬಾಯಿ ಮುಚ್ಚದ ಹುಡುಗಿ. ಮಕ್ಕಳ ಕೋಣೆಯ ಬಾಗಿಲಿಗೆ ಒಂದು ಹಾಳೆ ಅಂಟಿಸಿತ್ತು. ಬಣ್ಣದ ಪೆನ್ನಿನಲ್ಲಿ ದೊಡ್ಡದಾಗಿ ಬರೆದಿತ್ತು: ‘ಕಥೆಯ ಪಾತ್ರವಾಗೋಣ ಬನ್ನಿ. ಮನೆಯ ಹಳೇ ಸಾಮಾನು ಸಾಕು. ಸೂಜಿ ಬೇಡ, ದಾರ ಬೇಡ, ಟೈಲರ್ ಅಂತೂ ಬೇಡವೇ ಬೇಡ.’

ಅವಳು ಕೊನೆಯ ಮಾತನ್ನು ಎರಡು ಸಲ ಓದಿದಳು. ಆಮೇಲೆ ಬಾಗಿಲನ್ನು ದಢಾರನೆ ತಳ್ಳಿದಳು.

ಒಳಗೆ ನೆಲದ ತುಂಬ ಮಕ್ಕಳು, ರಟ್ಟಿನ ಚೂರು, ಹಳೇ ಕಾಲುಚೀಲ, ಅಂಟಿನ ಡಬ್ಬಿ. ನಡುವೆ ಉದ್ದನೆಯ ಒಬ್ಬ ಮನುಷ್ಯ ನಿಂತಿದ್ದ. ಅವನ ತಲೆಯಿಂದ ಸೊಂಟದ ತನಕ ಒಂದು ನೀಲಿ ದಿಂಬಿನ ಕವರು ಇಳಿದಿತ್ತು. ಎರಡು ಕೈಗಳೂ ಕವರಿನ ಪಕ್ಕದ ತೂತುಗಳಲ್ಲಿ ಸಿಕ್ಕಿಕೊಂಡು ಮೇಲಕ್ಕೆ ಎದ್ದಿದ್ದವು.

“ಈ ಬೋರ್ಡು ಬರೆದವರು ಯಾರು?” ಎಂದು ಅವಳು ಕೇಳಿದಳು. ಮಕ್ಕಳೆಲ್ಲ ದಿಂಬಿನ ಕವರನ್ನು ತೋರಿಸಿದರು.

“ನಾನೇ,” ಎಂದಿತು ಕವರು. “ಸ್ವಲ್ಪ ಇರಿ, ಹೊರಗೆ ಬಂದು ಮಾತಾಡ್ತೀನಿ.”

“ಬನ್ನಿ.”

“ಅದೇ, ಬರೋಕೆ ಆಗ್ತಿಲ್ಲ.”

ಚೂಟಿ ಮುಂದೆ ಬಂದು ನಡೆದದ್ದನ್ನು ಒಂದೇ ಉಸಿರಿನಲ್ಲಿ ಹೇಳಿದಳು. ಕಥೆ ಮಾಮ ರಾಕ್ಷಸನ ವೇಷ ಹಾಕಬೇಕಿತ್ತು. ಕುತ್ತಿಗೆಯ ತೂತು ಕತ್ತರಿಸಿದ್ದು ಮಕ್ಕಳು. ಅವರವರ ತಲೆಗೆ ಅದು ಸರಿಯಾಗಿಯೇ ಇತ್ತು. ಮಾಮನ ತಲೆ ಇಷ್ಟು ದೊಡ್ಡದು ಅಂತ ಯಾರಿಗೆ ಗೊತ್ತಿತ್ತು?

ಅವಳು ಚೀಲದಿಂದ ಕತ್ತರಿ ತೆಗೆದಳು. ಅದನ್ನು ಬಿಟ್ಟು ಅವಳು ಎಲ್ಲಿಗೂ ಹೋಗುತ್ತಿರಲಿಲ್ಲ. “ಅಲ್ಲಾಡಬೇಡಿ,” ಎಂದಳು.

“ನೀವು ಯಾರು ಅಂತ ಕೇಳಬಹುದಾ?”

“ಟೈಲರ್.”

ಮೇಲೆದ್ದಿದ್ದ ಎರಡು ಕೈಗಳೂ ಇನ್ನಷ್ಟು ಮೇಲಕ್ಕೆ ಹೋದವು. ಅವಳು ಮೇಲಿನಿಂದ ಮೆಲ್ಲಗೆ ಕತ್ತರಿಸುತ್ತ ಬಂದಳು. ಮೊದಲು ಕೆದರಿದ ಕೂದಲು ಕಂಡಿತು, ಆಮೇಲೆ ಹಣೆ, ಆಮೇಲೆ ಎರಡು ಕಣ್ಣು. ಬೈಯಲು ಸಿದ್ಧ ಮಾಡಿಕೊಂಡು ಬಂದಿದ್ದ ಮಾತು ಅವಳ ನಾಲಿಗೆಯ ತುದಿಯಲ್ಲೇ ಉಳಿಯಿತು. ಆ ಕಣ್ಣುಗಳು ನಗುತ್ತಿದ್ದವು, ಆದರೆ ಅವಳನ್ನು ನೋಡಿ ಅಲ್ಲ, ತನ್ನನ್ನೇ ನೋಡಿ ನಗುವವನ ಕಣ್ಣು ಅವು.

ಬಿಡುಗಡೆಯಾದ ಮೇಲೆ ಅವನು ಮಾಡಿದ ಮೊದಲ ಕೆಲಸವೆಂದರೆ ಪೆನ್ನು ಹಿಡಿದು ಬಾಗಿಲಿಗೆ ಹೋದದ್ದು. ಕೊನೆಯ ಮಾತನ್ನು ಹೊಡೆದುಹಾಕಿ, ಕೆಳಗೆ ‘ಟೈಲರ್ ಇದ್ದರೆ ಜೀವ ಉಳಿಯುತ್ತದೆ’ ಎಂದು ಬರೆದ. ಅವಳು ನಗಬಾರದೆಂದು ತುಟಿ ಕಚ್ಚಿಕೊಂಡಳು. ಚೂಟಿ ಅದನ್ನು ನೋಡಿ ಮನೆಗೆ ಹೋಗಿ ಅಜ್ಜಿಗೆ ಹೇಳಿದಳು.

*

ಅವನು ಆ ಲೈಬ್ರರಿಯ ಮಕ್ಕಳ ಕೋಣೆಯನ್ನು ನೋಡಿಕೊಳ್ಳುವವನು. ವಾರವಿಡೀ ಪುಸ್ತಕ ಕೊಡುತ್ತಿದ್ದ, ಶನಿವಾರ ಕಥೆ ಹೇಳುತ್ತಿದ್ದ, ಅದರಿಂದ ಮಕ್ಕಳ ಬಾಯಲ್ಲಿ ಕಥೆ ಮಾಮ ಆಗಿದ್ದ. ವರ್ಷದ ಓದು ಮುಗಿಯುವ ಭಾನುವಾರ ಮಕ್ಕಳೆಲ್ಲ ತಾವು ಓದಿದ ಕಥೆಯ ಒಂದೊಂದು ಪಾತ್ರವಾಗಿ, ಲೈಬ್ರರಿಯಿಂದ ಪಾರ್ಕಿನ ತನಕ ಮೆರವಣಿಗೆ ಹೋಗಬೇಕೆಂದು ಅವನ ಆಸೆ. ಅದಕ್ಕೆ ಅವನದು ಒಂದೇ ಕಟ್ಟಳೆ. ವೇಷ ಮನೆಯ ಹಳೇ ಸಾಮಾನಿನದಾಗಿರಬೇಕು, ಮೊದಲ ಕತ್ತರಿ ಮಗುವೇ ಹಾಕಬೇಕು, ಕೊನೆಯ ಮಾತೂ ಮಗುವಿನದೇ ಆಗಬೇಕು. ದೊಡ್ಡವರು ಕೇಳಿದರೆ ಮಾತ್ರ ಕೈ ಕೊಡಬಹುದು.

ಅದು ಸುಲಭದ ಕೆಲಸವೇ. ಅಪ್ಪನ ಹಳೇ ಅಂಗಿಯನ್ನು ಹಿಂದುಮುಂದು ತೊಡಿಸಿದರೆ ರಾಜನ ನಿಲುವಂಗಿ. ಮೊಟ್ಟೆಯ ಟ್ರೇ ಕತ್ತರಿಸಿದರೆ ಕಿವಿ, ಕಪ್ಪೆಯ ಕಣ್ಣು, ಮೊಸಳೆಯ ಬೆನ್ನು, ಏನು ಬೇಕಾದರೂ. ಕಾಲುಚೀಲಕ್ಕೆ ಹಳೇ ಪೇಪರು ತುರುಕಿದರೆ ಬಾಲ. ಕಡ್ಡಿ ಮುರಿದ ಕೊಡೆಯನ್ನು ನಡುವೆ ಸೀಳಿದರೆ ಎರಡು ರೆಕ್ಕೆ. ಇಷ್ಟನ್ನು ಅಂಟು, ಪಿನ್ನು, ಬಟ್ಟೆ ಒಣಹಾಕುವ ಕ್ಲಿಪ್ಪುಗಳಲ್ಲಿ ಹಿಡಿದು ನಿಲ್ಲಿಸುವುದನ್ನು ನೋಡಿದಾಗ ಅವಳ ಬೆರಳುಗಳು ತುರಿಸಿದವು. ಇದೇನು ಕೆಲಸವೋ ಇಲ್ಲ ಕೆಲಸದ ಅಣಕವೋ ಎಂದುಕೊಂಡಳು. ಮುಂದಿನ ಶನಿವಾರ ಚೂಟಿಯನ್ನು ಬಿಡಲು ತಾನೇ ಹೋದಳು, ಹೋದವಳು ಕೂತಳು. ಅದರ ಮುಂದಿನ ಶನಿವಾರ ಅಂಗಡಿಯ ಬಾಗಿಲನ್ನು ಅಮ್ಮನಿಗೆ ಒಪ್ಪಿಸಿ, ಒಳ್ಳೆಯ ಕುರ್ತಾ ತೊಟ್ಟು ಹೊರಟಳು. ಅಮ್ಮ ಗುಂಡಿಗಳ ಡಬ್ಬಿಯಿಂದ ತಲೆ ಎತ್ತಲಿಲ್ಲ. “ಅಂಟು ಮೆತ್ತಿಕೊಳ್ಳೋ ಜಾಗಕ್ಕೆ ಇಸ್ತ್ರಿ ಮಾಡಿದ ಬಟ್ಟೆ,” ಎಂದಷ್ಟೇ ಹೇಳಿದರು.

ಜನರನ್ನು ಕಣ್ಣಲ್ಲೇ ಅಳೆಯುವುದು ಅವಳಿಗೆ ಚಟವಾಗಿಬಿಟ್ಟಿತ್ತು. ಅವನನ್ನೂ ಅಳೆದಳು. ಪುಸ್ತಕದ ಚೀಲ ಹೊತ್ತು ಹೊತ್ತು ಅವನ ಎಡಭುಜ ಒಂದು ಬೆರಳಿನಷ್ಟು ಇಳಿದಿತ್ತು. ಅಂಗಿಯ ಎರಡನೇ ಗುಂಡಿ ಇರಲಿಲ್ಲ. ಕಥೆ ಹೇಳುವಾಗ ಎಡಗೈ ಸುಮ್ಮನಿರುತ್ತಿತ್ತು, ಬಲಗೈ ಮಾತ್ರ ಹಕ್ಕಿ, ಹಾವು, ರಾಣಿ ಎಲ್ಲವೂ ಆಗುತ್ತಿತ್ತು. ಅವಳು ನೋಡುತ್ತಿರುವಾಗ ಅವನು ಕಥೆಯ ನಡುವೆಯೇ ಕಣ್ಣು ಎತ್ತುತ್ತಿದ್ದ. ಅವಳು ತಕ್ಷಣ ನೆಲದ ರಟ್ಟಿನ ಚೂರನ್ನು ಹೆಕ್ಕಲು ಬಗ್ಗುತ್ತಿದ್ದಳು. ಆ ದಿನಗಳಲ್ಲಿ ಲೈಬ್ರರಿಯ ನೆಲ ಬಹಳ ಚೊಕ್ಕಟವಾಗಿತ್ತು.

“ಅಳತೆ ತಗೊಂಡಾಯ್ತಾ?” ಎಂದು ಅವನು ಒಂದು ದಿನ ಕೇಳಿಯೇ ಬಿಟ್ಟ.

“ಆಯ್ತು. ಎಡಭುಜ ಸ್ವಲ್ಪ ಇಳಿದಿದೆ.”

“ಹಾಗಾದ್ರೆ ಈ ಸಂಬಂಧಾನೂ ಮುರೀತು ಅನ್ನಿ.”

ಅವಳು ಚೂಟಿಯ ಕಡೆ ತಿರುಗಿದಳು. ಚೂಟಿ ಅತ್ಯಂತ ಶ್ರದ್ಧೆಯಿಂದ ಸೂರು ನೋಡುತ್ತಿದ್ದಳು. ಮನೆಯ ಮಾತು ಬೀದಿಗೆ ಬಂದಿತ್ತು. ಅಮ್ಮ ತಂದ ಸಂಬಂಧಗಳನ್ನೆಲ್ಲ ಅವಳು ಹೀಗೇ ಬಿಟ್ಟಿದ್ದಳು. ಒಬ್ಬನ ಕಾಲರು ಒಂದು ಕಡೆ ಉದ್ದ, ಇನ್ನೊಬ್ಬ ನಿಂತರೆ ಪ್ಯಾಂಟಿನ ಗೆರೆ ಮುರಿಯುತ್ತದೆ, ಮತ್ತೊಬ್ಬ ಜಂಬದಿಂದ ತೋರಿಸಿದ ಕೋಟಿನ ತೋಳು ಎಳೆದಿದೆ. ನಿನ್ನ ಕಣ್ಣಿಗೆ ನೆಟ್ಟಗೆ ಕಾಣುವ ಗಂಡು ಇನ್ನು ಹುಟ್ಟಿ ಬರಬೇಕು ಎಂದು ಅಮ್ಮ ಕೈಚೆಲ್ಲಿದ್ದರು.

“ಗುಂಡಿ ಹಾಕಿಕೊಡ್ತೀನಿ, ಅಂಗಿ ಕೊಡಿ,” ಎಂದು ಅವಳು ಮಾತು ಬದಲಿಸಿದಳು. ಅವಳ ಮಟ್ಟಿಗೆ ಅದು ಚಿಕ್ಕ ಮಾತಲ್ಲ. ಕೇಳದೆ ಕೆಲಸ ಮಾಡಿಕೊಡುತ್ತೇನೆ ಎಂದು ಅವಳು ಯಾರಿಗೂ ಹೇಳಿದವಳಲ್ಲ.

“ಬೇಡ. ಅದನ್ನ ನಾನೇ ಹಾಕಬೇಕು ಅಂತಿದೆ,” ಎಂದ ಅವನು. ಅವನ ತೋರುಬೆರಳಿಗೆ ಪ್ಲಾಸ್ಟರು ಸುತ್ತಿತ್ತು. ಹೋದ ವಾರ ಹೆಬ್ಬೆರಳಿಗಿತ್ತು. ಕೇಳಿದರೆ ಪುಸ್ತಕದ ಹಾಳೆ ಕೊಯ್ತು ಎಂದ. ಯಾವ ಪುಸ್ತಕ ಹಾಗೆ ವಾರವಾರ ಕಚ್ಚುವುದು ಎಂದು ಅವಳು ಕೇಳಿದಳು. “ಕಷ್ಟದ ಪುಸ್ತಕ,” ಎಂದು ನಕ್ಕ.

ಅವಳಿಗೆ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಶನಿವಾರ ಬಂದರೆ ಎದ್ದ ಕೂಡಲೇ ಮನಸ್ಸು ಹಗುರಾಗುತ್ತಿತ್ತು, ಭಾನುವಾರದಿಂದ ವಾರ ಉದ್ದವಾಗುತ್ತಿತ್ತು. ಅವನು ಅವಳಿಗೆ ಬೇಕಾಗಿದ್ದ. ಎಡಭುಜದ ಸಮೇತ ಬೇಕಾಗಿದ್ದ. ಆದರೆ ಊರವರ ಮಾತನ್ನೆಲ್ಲ ಕತ್ತರಿಸುವವಳಿಗೆ ತನ್ನದೊಂದು ಮಾತನ್ನು ಹೊರಗೆ ತರುವುದು ಆಗಲಿಲ್ಲ. ಕನ್ನಡಿಯ ಮುಂದೆ ನಿಂತು ಹೇಳಿ ನೋಡಿದಳು, ಯಾರದೋ ಅಳತೆಯ ಬಟ್ಟೆ ತೊಟ್ಟಂತೆ ಅನ್ನಿಸಿ ಬಿಟ್ಟುಬಿಟ್ಟಳು.

*

ಮೆರವಣಿಗೆಯ ಹಿಂದಿನ ದಿನ ಮಧ್ಯಾಹ್ನ ಅವನೇ ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನು ಹೊತ್ತು ಅಂಗಡಿಗೆ ಬಂದ. ಅವುಗಳಲ್ಲಿ ಮಕ್ಕಳ ವೇಷಗಳೆಲ್ಲ ಇದ್ದವು. ಅಂಟು ಕೆಲವು ಕಡೆ ಬಿಡುತ್ತಿದೆ, ಮಕ್ಕಳನ್ನು ಕೇಳಿಕೊಂಡೇ ತಂದಿದ್ದೇನೆ, ಬಿಟ್ಟ ಕಡೆ ಮಾತ್ರ ಒಂದೊಂದು ಹೊಲಿಗೆ ಹಾಕಿಕೊಡುತ್ತೀರಾ ಎಂದು ಕೇಳಿದ.

“ಒಂದೇ ಒಂದು,” ಎಂದು ಅವಳು ಒಪ್ಪಿದಳು.

ಅವನು ಹೊರಡಲಿಲ್ಲ. ಕಟ್ಟೆಯ ಮೇಲಿದ್ದ ಅಳತೆಪಟ್ಟಿಯನ್ನು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. “ನಾಳೆ ನಿಮ್ಮ ಹತ್ತಿರ ಒಂದು ಮಾತಿದೆ,” ಎಂದ.

“ಈಗಲೇ ಹೇಳಿ.”

“ಈಗ ಹೇಳಿದ್ರೆ ಕತ್ತರಿಸಿಬಿಡ್ತೀರ. ನಾಳೆ.”

ಅವನು ಹೋದ ಮೇಲೆ ಅವಳು ಬಹಳ ಹೊತ್ತು ಆ ಅಳತೆಪಟ್ಟಿಯನ್ನು ಬಿಚ್ಚಲಿಲ್ಲ. ಆಮೇಲೆ ಪೆಟ್ಟಿಗೆ ತೆರೆದಳು. ಮೇಲೆಯೇ ಚೂಟಿಯ ನರಿ ಇತ್ತು. ಅಜ್ಜಿಯ ಹಳೇ ಕಿತ್ತಳೆ ಶಾಲಿನದು, ಚಂದ್ರನನ್ನು ಕದ್ದ ನರಿಯ ವೇಷ. ತಲೆಪಟ್ಟಿಯ ಮೇಲೆ ಒಂದು ಕಿವಿ ನೆಟ್ಟಗೆ, ಇನ್ನೊಂದು ಸೊಟ್ಟಗೆ ಜೋತುಬಿದ್ದಿತ್ತು. ಅವಳು ಅಲ್ಲಿ ಒಂದು ಹೊಲಿಗೆ ಹಾಕಿದಳು. ಕಿವಿ ಇನ್ನೂ ವಾಲುತ್ತಿತ್ತು. ಒಂದು ಹಾಕಿದವಳಿಗೆ ಇನ್ನೊಂದು ಭಾರವೇ? ಕಿವಿ ಬಿಚ್ಚಿ, ಒಳಗೆ ಗಟ್ಟಿ ಬಟ್ಟೆ ಇಟ್ಟು, ಎರಡನ್ನೂ ಒಂದೇ ಎತ್ತರಕ್ಕೆ ನಿಲ್ಲಿಸಿದಳು. ನೋಡಿದರೆ ಎಷ್ಟು ಚಂದ. ಆಗ ಬಾಲ ಕೆಟ್ಟದಾಗಿ ಕಂಡಿತು.

ಅಲ್ಲಿಂದ ಕೈ ಅವಳ ಮಾತು ಕೇಳಲಿಲ್ಲ. ಸಿಡುಕು ರಾಜನ ಕಿರೀಟ ಕಣ್ಣಿನ ಮೇಲೆ ಜಾರುತ್ತಿತ್ತು, ಅದಕ್ಕೆ ಒಳಪಟ್ಟಿ ಕೊಟ್ಟಳು. ಅಂಚೆ ಹಂಚುವ ಬಸವನಹುಳುವಿನ ಚಿಪ್ಪು ಒಂದು ಕಡೆ ವಾಲಿತ್ತು, ಸಮ ಮಾಡಿದಳು. ಮೋಡ ಮಾರುವ ಮುದುಕಿಯ ಮೋಡಗಳೆಲ್ಲ ಬೇರೆ ಬೇರೆ ಗಾತ್ರ, ಹತ್ತಿ ತೆಗೆದು ತುಂಬಿ ಒಂದೇ ಅಳತೆಗೆ ತಂದಳು. ಹೊಲಿಯುತ್ತ ಹೊಲಿಯುತ್ತ ಅವಳಿಗೆ ಸುಖವಾಗುತ್ತಿತ್ತು. ತನಗೆ ಬಾರದ ಮಾತನ್ನು ತನ್ನ ಕೈ ಹೇಳುತ್ತಿದೆ, ನಾಳೆ ಅವನು ಇದನ್ನು ನೋಡಿದರೆ ತಾನು ಬಾಯಿ ಬಿಡುವುದೇ ಬೇಕಾಗುವುದಿಲ್ಲ ಎಂದುಕೊಂಡಳು. ದೀಪ ಹಾಕುವ ಹೊತ್ತಿಗೆ ಕೆಲಸ ಮುಗಿದಿತ್ತು. ಅಮ್ಮ ಬಂದು ಸಾಲಾಗಿ ತೂಗುಹಾಕಿದ್ದ ವೇಷಗಳನ್ನು ನೋಡಿದರು. ಏನೋ ಹೇಳಲು ಹೊರಟು, ಮಗಳ ಮುಖ ನೋಡಿ, ಅಂಗಡಿಯ ಬಾಗಿಲು ಹಾಕಲು ಹೋದರು.

*

ಭಾನುವಾರ ಬೆಳಿಗ್ಗೆ ಅವಳು ವೇಷಗಳನ್ನು ಲೈಬ್ರರಿಯ ಉದ್ದನೆಯ ಮೇಜಿನ ಮೇಲೆ ಹರಡಿ ನಿಂತಾಗ, ಕುತ್ತಿಗೆ ಎಂದಿಗಿಂತ ಒಂದು ಗೇಣು ಉದ್ದವಾಗಿತ್ತು. ಮಕ್ಕಳು ನುಗ್ಗಿ ಬಂದರು. ಮೇಜಿನ ಸುತ್ತ ಒಂದು ಸುತ್ತು ಬಂದರು. ಮತ್ತೊಂದು ಸುತ್ತು ಬಂದರು.

“ನಮ್ಮವು ಎಲ್ಲಿ?” ಎಂದು ಸಿಡುಕು ರಾಜ ಕೇಳಿದ.

ಇವೇ ಅಲ್ಲವೇನೋ ಎಂದು ಅವಳು ನಕ್ಕಳು. ಚೂಟಿ ತಲೆಪಟ್ಟಿಯನ್ನು ಎತ್ತಿಕೊಂಡು, ಕಿವಿಗಳನ್ನು ಮುಟ್ಟಿ ನೋಡಿ, ಮೆಲ್ಲಗೆ ಕೆಳಗಿಟ್ಟಳು. ಯಾವತ್ತೂ ಬಾಯಿ ಮುಚ್ಚದ ಹುಡುಗಿ ಆ ದಿನ ಒಂದೇ ಮಾತು ಹೇಳಿದಳು. “ಅತ್ತೆ, ಇದು ನನ್ನ ನರಿ ಅಲ್ಲ.”

ಅವಳು ಅವನ ಮುಖ ನೋಡಿದಳು. ಅವನು ಮೇಜಿನ ಮೇಲಿದ್ದುದನ್ನೆಲ್ಲ ನಿಧಾನವಾಗಿ ನೋಡುತ್ತಿದ್ದ. ಕೋಪ ಮಾಡಿಕೊಂಡಿದ್ದರೆ ಅವಳೂ ಕೋಪ ಮಾಡಿಕೊಳ್ಳಬಹುದಿತ್ತು. ಅವನು ಕೋಪ ಮಾಡಿಕೊಳ್ಳಲಿಲ್ಲ.

“ಸೊಟ್ಟ ಇತ್ತು, ನೆಟ್ಟಗೆ ಮಾಡಿದೆ,” ಎಂದಳು. “ತಪ್ಪೇನಾಯ್ತು?”

“ಕೆಲಸದಲ್ಲಿ ತಪ್ಪೇನಿಲ್ಲ. ಇಷ್ಟು ಚೆನ್ನಾಗಿರೋದನ್ನ ನಾನು ನೋಡಿಲ್ಲ,” ಎಂದ. “ಆದ್ರೆ ಈಗ ಇವೆಲ್ಲ ನಿಮ್ಮವು.”

ಆಮೇಲೆ ಚೂಟಿಯನ್ನು ಕರೆದು, ಆ ಕಿವಿ ಯಾಕೆ ಸೊಟ್ಟ ಇತ್ತು ಅಂತ ಅತ್ತೆಗೆ ಹೇಳು ಎಂದ. ಚೂಟಿ ಮೂಗು ಒರೆಸಿಕೊಂಡು ಹೇಳಿದಳು. ಅವಳ ನರಿ ಕಳ್ಳ ನರಿ. ಒಂದು ಕಿವಿಯನ್ನು ನೆಲಕ್ಕೆ ಹಚ್ಚಿ ಯಾರಾದರೂ ಬರುತ್ತಾರಾ ಅಂತ ಕೇಳುತ್ತ ಇರುತ್ತದೆ. ಕೇಳಿ ಕೇಳಿ ಆ ಕಿವಿ ಹಾಗೆ ಆಗಿದೆ. ಅದಕ್ಕೇ ಅದು ಸಿಕ್ಕಿಬೀಳುವುದಿಲ್ಲ. ಸಿಡುಕು ರಾಜನಿಗೆ ಜನರ ಮುಖ ನೋಡಲು ಇಷ್ಟವಿಲ್ಲ, ಅದಕ್ಕೆ ಕಿರೀಟ ಕಣ್ಣಿನ ಮೇಲಿತ್ತು. ಬಸವನಹುಳು ಎಲ್ಲರ ಕಾಗದವನ್ನೂ ಒಂದೇ ಕಡೆ ತುಂಬಿಕೊಂಡಿದ್ದರಿಂದ ವಾಲಿತ್ತು. ಒಂದೊಂದು ಸೊಟ್ಟಕ್ಕೂ ಒಂದೊಂದು ಕಥೆ ಇತ್ತು.

ಇಷ್ಟು ಶನಿವಾರ ಅದೇ ನೆಲದ ಮೇಲೆ ಕೂತಿದ್ದವಳು ಅವಳು. ಆ ಕಥೆಗಳಲ್ಲಿ ಒಂದನ್ನೂ ಕೇಳಿಸಿಕೊಂಡಿರಲಿಲ್ಲ. ಅವಳ ಕಣ್ಣೆಲ್ಲ ಅಂಚಿನ ಮೇಲಿತ್ತು, ಇಲ್ಲವೆಂದರೆ ಅವನ ಮೇಲಿತ್ತು. ನನಗೆ ಅಂಗಡಿಯಲ್ಲಿ ಕೆಲಸವಿದೆ ಎಂದು ಹೇಳಿ ಹೊರಟಳು. ಅವನು ತಡೆಯಲಿಲ್ಲ. ನಿನ್ನೆ ಹೇಳಿದ್ದ ಆ ಒಂದು ಮಾತಿನ ಸುದ್ದಿಯನ್ನೂ ಎತ್ತಲಿಲ್ಲ.

ಅಂಗಡಿಗೆ ಬಂದು ಮಷಿನ್ನಿನ ಮುಂದೆ ಕೂತಳು, ಆದರೆ ಪೆಡಲು ತುಳಿಯಲಿಲ್ಲ. ಅಮ್ಮ ವಿಷಯ ಕೇಳಿಕೊಂಡರು. ಮಗಳನ್ನು ಬೈಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ.

“ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ್ರೆ ನೆಟ್ಟಗೇನೋ ಆಗುತ್ತೆ ಕಣೆ,” ಎಂದರು. “ಆಮೇಲೆ ನಾಯಿಗೆ ಖುಷಿಯಾದಾಗ ಅದು ಅಲ್ಲಾಡಿಸೋದು ಏನನ್ನ?”

ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ತಾನು ಹೋಗಿ ಕ್ಷಮೆ ಕೇಳುವವಳಲ್ಲ, ಆ ಮಾತೇ ತನ್ನ ಬಾಯಿಗೆ ಒಗ್ಗುವುದಿಲ್ಲ ಎಂದಳು. ಕ್ಷಮೆ ಯಾರಿಗೆ ಬೇಕಾಗಿದೆ, ಸಂಜೆಯೊಳಗೆ ಅವರವರ ವೇಷ ಅವರವರಿಗೆ ಬೇಕಾಗಿದೆ ಎಂದರು ಅಮ್ಮ. ಅವಳು ಎದ್ದು, ಹೊಲಿಗೆ ಬಿಚ್ಚುವ ಮೊನೆಯನ್ನು ಡ್ರಾಯರಿನಿಂದ ತೆಗೆದುಕೊಂಡಳು. ಆ ಮೊನೆಯನ್ನು ಇತರರ ಹೊಲಿಗೆ ಬಿಚ್ಚಲು ಬಳಸಿದ್ದು ಬಿಟ್ಟರೆ, ತನ್ನದಕ್ಕೆ ಬಳಸಿದ್ದು ಅವಳಿಗೆ ನೆನಪಿರಲಿಲ್ಲ.

*

ಲೈಬ್ರರಿಯ ಬಾಗಿಲು ತೆರೆದು ನೇರವಾಗಿ ಒಳಗೆ ಹೋಗಿ, ಚೂಟಿಯ ಎದುರು ನೆಲದ ಮೇಲೆ ಕೂತಳು. ಮಕ್ಕಳೆಲ್ಲ ಇನ್ನೂ ಮುಖ ಊದಿಸಿಕೊಂಡೇ ಇದ್ದರು.

“ಕಿವಿ ಎಷ್ಟು ಸೊಟ್ಟ ಇರಬೇಕು, ಹೇಳು,” ಎಂದಳು.

ಚೂಟಿ ಅನುಮಾನದಿಂದ ಅತ್ತೆಯನ್ನು ನೋಡಿದಳು. ಆಮೇಲೆ ತಲೆಯನ್ನೇ ಒಂದು ಕಡೆ ಬಗ್ಗಿಸಿ ತೋರಿಸಿದಳು, ಇಷ್ಟು. ಅತ್ತೆ ತನ್ನ ಹೊಲಿಗೆಯನ್ನು ತಾನೇ ಬಿಚ್ಚಿದಳು. ಕಿವಿಯನ್ನು ಸೊಟ್ಟಗಿಟ್ಟು ಹಿಡಿಯಲು ಹೋದರೆ ಬೆರಳು ತಾನಾಗಿ ಅದನ್ನು ನೆಟ್ಟಗೆ ನಿಲ್ಲಿಸುತ್ತಿತ್ತು. ಮತ್ತೆ ಹಿಡಿದಳು, ಮತ್ತೆ ನೆಟ್ಟಗಾಯಿತು. ಮೊದಲು ಒಬ್ಬರು ಕಿಸಕ್ಕೆಂದರು, ಆಮೇಲೆ ಎಲ್ಲರೂ. “ಅತ್ತೆಗೆ ಸೊಟ್ಟ ಮಾಡೋಕೇ ಬರಲ್ಲ,” ಎಂದು ಚೂಟಿ ಸಾರಿ ಹೇಳಿ, ಕಿವಿಯನ್ನು ಕಸಿದುಕೊಂಡು ತಾನೇ ಅಂಟಿಸಿದಳು. ಅಷ್ಟರಲ್ಲಿ ಅತ್ತೆಯ ಮಡಿಲಿಗೆ ಕಿರೀಟ ಬಂತು, ಚಿಪ್ಪು ಬಂತು, ಮೋಡಗಳು ಬಂದವು. ಒಂದೊಂದನ್ನೂ ಬಿಚ್ಚುವ ಮೊದಲು ಅವಳು ಕೇಳಿದಳು, ಇದು ಯಾಕೆ ಹೀಗಿತ್ತು, ಇದು ಎಷ್ಟು ವಾಲಬೇಕು, ಈ ಮೋಡ ಯಾಕೆ ಚಿಕ್ಕದು. ಚಿಕ್ಕ ಮೋಡ ಬೆಳಿಗ್ಗೆಯಷ್ಟೇ ಹುಟ್ಟಿದ್ದಂತೆ.

ಒಂದು ಕಡೆ ಮಾತ್ರ ಅವಳು ಸೋಲಲಿಲ್ಲ. ಅಂಟು ಬಿಟ್ಟ ಜಾಗಗಳಲ್ಲಿ, ಯಾರಿಗೂ ಕಾಣದ ಹಾಗೆ ಒಳಗಿನಿಂದ, ಒಂದೊಂದು ಹೊಲಿಗೆ ಉಳಿಸಿದಳು. ಪಾರ್ಕಿನ ತನಕ ನಡೆದರೂ, ಓಡಿದರೂ, ಬಿದ್ದೆದ್ದರೂ ಆ ಹೊಲಿಗೆ ಬಿಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಅವನು ಪುಸ್ತಕದ ಕಪಾಟಿಗೆ ಒರಗಿ ಇದೆಲ್ಲವನ್ನೂ ನೋಡುತ್ತಿದ್ದ. ಮಕ್ಕಳು ವೇಷ ತೊಡಲು ಗದ್ದಲವೆಬ್ಬಿಸಿದಾಗ ಅವಳು ಎದ್ದು, ದಾರದ ಚೂರು ಕೊಡವಿಕೊಂಡು, ಅವನ ಹತ್ತಿರ ಹೋದಳು. ಬದುಕಿನಲ್ಲಿ ಅಷ್ಟು ಕಷ್ಟಪಟ್ಟು ಅವಳು ಯಾವ ಮಾತನ್ನೂ ಆಡಿರಲಿಲ್ಲ.

“ನಿನ್ನೆ ಒಂದು ಮಾತಿದೆ ಅಂದಿದ್ರಿ. ಅದು ಇನ್ನೂ ಇದೆಯಾ?”

“ಇದೆ,” ಎಂದ. “ಆದ್ರೆ ಅದು ಹೇಳೋ ಥರದ್ದಲ್ಲ. ತೊಟ್ಟುಕೊಳ್ಳೋ ಥರದ್ದು.”

ಕಪಾಟಿನ ಕೆಳಗಿನ ಬಾಗಿಲು ತೆಗೆದು ಅವನು ಒಂದು ಮೇಲಂಗಿಯನ್ನು ಹೊರಗೆ ತೆಗೆದ. ಅವಳು ಬಟ್ಟೆಯನ್ನು ನೋಡಿದ ಕೂಡಲೇ ಗುರುತಿಸಿದಳು. ಅದೇ ನೀಲಿ ದಿಂಬಿನ ಕವರು. ಆ ದಿನ ಅವಳು ಕತ್ತರಿಸಿದ್ದ ಸೀಳು ಈಗ ಮುಂದಿನ ತೆರಪಾಗಿತ್ತು. ಅಂಚಿಗೆಲ್ಲ ಕೈಹೊಲಿಗೆ ಹಾಕಿತ್ತು. ಒಂದು ಹೊಲಿಗೆ ಹಲ್ಲಿನಷ್ಟು ದೊಡ್ಡದು, ಮುಂದಿನದು ಎಳ್ಳಿನಷ್ಟು ಚಿಕ್ಕದು. ಕತ್ತರಿ ಇಡಲೆಂದು ಎದೆಯ ಹತ್ತಿರ ಒಂದು ಜೇಬು ಇತ್ತು, ಅದು ಎಷ್ಟು ಸೊಟ್ಟವಾಗಿತ್ತು ಎಂದರೆ ಕತ್ತರಿಯ ಬದಲು ನೀರು ಹಾಕಿದ್ದರೆ ಒಂದು ಕಡೆಯಿಂದ ಸುರಿದುಹೋಗುತ್ತಿತ್ತು. ಕೆಲವು ಕಡೆ ಸಣ್ಣ ಕಂದು ಚುಕ್ಕೆಗಳಿದ್ದವು. ಸೂಜಿ ಚುಚ್ಚಿದ ಬೆರಳಿನ ಗುರುತು.

ಅವಳು ಅವನ ಪ್ಲಾಸ್ಟರು ಸುತ್ತಿದ ಬೆರಳನ್ನು ನೋಡಿದಳು. “ಕಷ್ಟದ ಪುಸ್ತಕ,” ಎಂದಳು.

“ಬಹಳ ಕಷ್ಟದ್ದು. ಮೇಷ್ಟ್ರು ಮಾತ್ರ ಒಳ್ಳೆಯವರು ಸಿಕ್ಕಿದ್ರು.”

ಬಾಗಿಲಲ್ಲಿ ಅಮ್ಮ ನಿಂತಿದ್ದರು, ಮೆರವಣಿಗೆ ನೋಡಲು ಬಂದವರು. ಮಗಳು ಗಿರಾಕಿಗಳ ಮನೆಗೆ ಅಳತೆಗೆ ಹೋದಾಗಲೆಲ್ಲ ಇವನು ಅಂಗಡಿಯ ಹಿಂದಿನ ಕೋಣೆಗೆ ಬಂದು ಕೂರುತ್ತಿದ್ದನಂತೆ. ಸೂಜಿಗೆ ದಾರ ಪೋಣಿಸುವುದನ್ನು ಕಲಿಯುವಷ್ಟರಲ್ಲಿ ನನಗೆ ಇನ್ನಷ್ಟು ಕೂದಲು ಬೆಳ್ಳಗಾಯಿತು ಎಂದು ಅಮ್ಮ ದೂರಿದರು. ಆ ದೂರಿನಲ್ಲಿದ್ದ ಖುಷಿಯನ್ನು ಮುಚ್ಚಿಡುವ ಗೊಡವೆಗೇ ಅವರು ಹೋಗಲಿಲ್ಲ.

“ಯಾವ ಕಥೆಯ ಪಾತ್ರ ಇದು?” ಎಂದು ಅವಳು ಮೆಲ್ಲಗೆ ಕೇಳಿದಳು.

“ಕತ್ತರಿ ರಾಣಿ. ಕಥೆ ಇನ್ನೂ ಪೂರ್ತಿಯಾಗಿಲ್ಲ. ರಾಣಿ ಒಪ್ಪಿದ್ರೆ ಮುಂದಿಂದು ಇಬ್ಬರೂ ಸೇರಿ ನೋಡಬಹುದು,” ಎಂದ. “ನಿಮಗೆ ಕೊಡೋಕೆ ಬೇರೆಯವರ ಹತ್ತಿರ ಇಲ್ಲದ್ದು ಏನಾದ್ರೂ ಬೇಕಿತ್ತು. ಇಷ್ಟು ಕೆಟ್ಟ ಹೊಲಿಗೆ ಈ ಊರಲ್ಲಿ ಇನ್ಯಾರೂ ಹಾಕಲ್ಲ.”

ಅವಳು ಮೇಲಂಗಿಯನ್ನು ತೊಟ್ಟಳು. ಚಟಕ್ಕೆ ಕೈ ಜೇಬಿನ ಹತ್ತಿರ ಹೋಯಿತು, ಬೆರಳು ಸಡಿಲವಾದ ದಾರದ ತುದಿಯನ್ನು ಹಿಡಿಯಿತು. ನರಿ ಸೊಟ್ಟ ಕಿವಿಯನ್ನು ಹಿಡಿದುಕೊಂಡು ನೋಡುತ್ತ ನಿಂತಿತ್ತು. ಎಳೆದರೆ ಜೇಬು ಕೈಗೆ ಬರುತ್ತಿತ್ತು. ಅವಳು ದಾರವನ್ನು ಬಿಟ್ಟು, ಅದರ ಮೇಲೆ ಅಂಗೈ ಇಟ್ಟಳು.

“ಇದನ್ನ ಬಿಚ್ಚಲ್ಲ,” ಎಂದಳು. “ನೀವು ನಾಳೆ ಚೆನ್ನಾಗಿ ಕಲಿತು, ಸರಿ ಮಾಡ್ತೀನಿ ಕೊಡಿ ಅಂದ್ರೂ ಕೊಡಲ್ಲ.”

ಅವನು ತಲೆ ತಗ್ಗಿಸಿ ನಕ್ಕ. ಆಗ ಅವಳು ನೋಡಿದಳು. ಅವನ ಅಂಗಿಯ ಎರಡನೇ ಗುಂಡಿ ಬಂದಿತ್ತು. ಕಪ್ಪು ದಾರದಲ್ಲಿ ಹಾಕಿದ ಬಿಳಿ ಗುಂಡಿ, ಅದೂ ಇರಬೇಕಾದ ಜಾಗದಿಂದ ಪಕ್ಕಕ್ಕೆ. ಇಷ್ಟು ಚಂದದ ಗುಂಡಿಯನ್ನು ಅವಳು ಎಲ್ಲೂ ನೋಡಿರಲಿಲ್ಲ.

*

ಸಂಜೆ ಮೆರವಣಿಗೆ ಹೊರಟಿತು. ಮುಂದೆ ಸೊಟ್ಟ ಕಿವಿಯ ನರಿ ರಟ್ಟಿನ ಚಂದ್ರನನ್ನು ಕಂಕುಳಲ್ಲಿ ಅವುಚಿಕೊಂಡು, ಹೆಜ್ಜೆಹೆಜ್ಜೆಗೂ ನೆಲಕ್ಕೆ ಕಿವಿ ಕೊಡುತ್ತ ನಡೆಯಿತು. ಕಣ್ಣು ಕಾಣದ ರಾಜ ಎರಡು ಸಲ ದೀಪದ ಕಂಬಕ್ಕೆ ಡಿಕ್ಕಿ ಹೊಡೆದು, ಕಂಬವನ್ನೇ ಗದರಿದ. ಬಸವನಹುಳು ಎಲ್ಲರಿಗಿಂತ ಹಿಂದೆ, ತನ್ನದೇ ವೇಗದಲ್ಲಿ ಬರುತ್ತಿತ್ತು. ಬೀದಿಯ ಇಕ್ಕೆಲದಲ್ಲೂ ಜನ ನಿಂತಿದ್ದರು. ಇದನ್ನ ನಾನೇ ಮಾಡಿದ್ದು, ಇದನ್ನ ನಾನೇ ಮಾಡಿದ್ದು ಎಂದು ಮಕ್ಕಳು ಕೇಳಿದವರಿಗೂ ಕೇಳದವರಿಗೂ ಹೇಳುತ್ತ ಹೋದರು. ಒಂದು ಬಾಲವೂ ಕಳಚಲಿಲ್ಲ, ಒಂದು ಮೋಡವೂ ಉದುರಲಿಲ್ಲ.

ಅವಳು ಮಕ್ಕಳ ನಡುವೆ, ನೀಲಿ ಮೇಲಂಗಿ ತೊಟ್ಟು, ಸೊಟ್ಟ ಜೇಬಿನಲ್ಲಿ ಕತ್ತರಿ ಇಟ್ಟುಕೊಂಡು ನಡೆದಳು. ಎರಡು ಹೆಜ್ಜೆ ಹಿಂದೆ ಅವನು, ರಾಕ್ಷಸನ ಕೊಂಬು ಹಾಕಿಕೊಂಡು, ನಾಚಿಕೊಂಡು ಬರುತ್ತಿದ್ದ.

ಔಷಧಿ ಅಂಗಡಿಯ ಮುಂದೆ ಬಂದಾಗ ಅಂಗಡಿಯಾಕೆ ಮೆಟ್ಟಿಲು ಇಳಿದು ಬಂದಳು. ಮೇಲಿಂದ ಕೆಳಗೆ ನೋಡಿದಳು. ಅಂಚು ನೋಡಿದಳು, ಹೊಲಿಗೆ ನೋಡಿದಳು, ಜೇಬಿನ ಮೇಲೆ ಕಣ್ಣು ನೆಟ್ಟಳು. ಸ್ಕೇಲು ಹಿಡಿದು ಸೋತಿದ್ದ ಆ ಹಳೇ ದಿನದ ಸೇಡು ಕೊನೆಗೂ ಕೈಗೆ ಸಿಕ್ಕಿತ್ತು.

“ಏನಮ್ಮ ಇದು, ನಿನ್ನ ಮೈಮೇಲೆ ಇಂಥ ಹೊಲಿಗೆ?” ಎಂದು ಬೀದಿಗೆಲ್ಲ ಕೇಳುವ ಹಾಗೆ ಕೇಳಿದಳು. “ಯಾರು ಹೊಲಿದದ್ದು?”

ಅವಳು ನಿಂತಳು. ಜೇಬನ್ನು ಕೈಯಿಂದ ಮುಚ್ಚಿಕೊಳ್ಳಲಿಲ್ಲ. ಚೆನ್ನಾಗಿ ಕಾಣಲಿ ಎಂದು ಇನ್ನಷ್ಟು ಬೆಳಕಿಗೆ ತಿರುಗಿದಳು.

“ನಮ್ಮವರು,” ಎಂದಳು.

ಹಿಂದೆ ಬರುತ್ತಿದ್ದ ರಾಕ್ಷಸ ಅಲ್ಲೇ ನಿಂತುಬಿಟ್ಟ. ಬಸವನಹುಳು ಬಂದು ಅವನ ಬೆನ್ನಿಗೆ ಡಿಕ್ಕಿ ಹೊಡೆಯಿತು. ಅವಳು ತಿರುಗಿ ಅವನ ಎಡಗೈ ಹಿಡಿದುಕೊಂಡು ಮುಂದೆ ನಡೆದಳು.